ಘಟ್ಟದ ಅಂಚಿನ ಕೊಡಚಾದ್ರಿ

ಎತ್ತರದ ಲೆಕ್ಕದಲ್ಲಿ ಕೊಡಚಾದ್ರಿ ಅಂಥ ದೊಡ್ಡ ಬೆಟ್ಟವೇನಲ್ಲ. ಹೊಸನಗರ ತಾಲ್ಲೂಕಿನ ಈ ಶಿಖರ 1343 ಮೀಟರ್. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ 1900 ಮೀಟರ್ ದಾಟುತ್ತದೆ. ಆದರೆ ಕೊಡಚಾದ್ರಿ ನಿಂತಿರುವ ಜಾಗ ನೋಡಿ. ಪಡುವಣಕ್ಕೆ ಕಾಲಬುಡದಲ್ಲೇ ಕೊಲ್ಲೂರಿನ ಕಾಡು, ಅದರಾಚೆ ಕರಾವಳಿ. ಮೋಡವಿಲ್ಲದ ದಿನ ತುದಿಯಿಂದ ಅರಬ್ಬಿ ಸಮುದ್ರವೇ ಕಾಣುತ್ತದೆ.

ಇಲ್ಲಿನ ಮಳೆಗೂ ಈ ಜಾಗವೇ ಕಾರಣ. ಜೂನ್‌ನಲ್ಲಿ ಕಡಲಿನಿಂದ ನುಗ್ಗುವ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ಏರಿದಂತೆ ತಣಿದು ಸುರಿಯುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿದ ಮಳೆ, ಹೊಸನಗರದ ಹುಲಿಕಲ್ಲು ಅದರೊಂದಿಗೆ ಪೈಪೋಟಿಗಿಳಿದಿದೆ. ಘಟ್ಟ ಬಿಟ್ಟು ಸಾಗರ ಪೇಟೆಗೆ ಬರುವಷ್ಟರಲ್ಲಿ ಮಳೆ ಅರ್ಧಕ್ಕಿಂತ ಕಡಿಮೆ. ಶಿವಮೊಗ್ಗದಲ್ಲಂತೂ ಬರೀ ಒಂದು ಸಾವಿರದ ಆಸುಪಾಸು. ಆರಿದ್ರಾ, ಪುನರ್ವಸು ಮಳೆ ಬಿಡದೆ ಜಡಿದರೆ ಇಲ್ಲಿನ ತೋಟದವರಿಗೆ ಅಡಿಕೆಯ ಕೊಳೆರೋಗದ್ದೇ ಚಿಂತೆ. ಒಂದೆರಡು ದಿನ ಹೊಳವಾದರೆ ಸಾಕು, ಬೋರ್ಡೋ ದ್ರಾವಣ ಹೊಡೆಯಲು ಓಡುತ್ತಾರೆ.

ಬೆಟ್ಟದ ನೆತ್ತಿಯಲ್ಲಿ ಗಾಳಿಯ ಹೊಡೆತಕ್ಕೆ ಮರ ನಿಲ್ಲುವುದಿಲ್ಲ, ಬರೀ ಹುಲ್ಲು. ಇಳಿಜಾರಿನ ಮಡಿಕೆಗಳಲ್ಲಿ ಮಾತ್ರ ಶೋಲಾ ಕಾಡು. ಮಳೆಗಾಲದಲ್ಲಿ ಹಿಡಿದಿಟ್ಟ ನೀರನ್ನು ಅದು ಬೇಸಿಗೆಗೂ ತುಸುತುಸುವೇ ಬಿಡುತ್ತದೆ. ಸೌಪರ್ಣಿಕಾ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. ಹತ್ತಿರದ ಚಕ್ರಾ ನದಿಯ ಕತೆ ಬೇರೆ. ಪಡುವಣಕ್ಕಿಳಿದು ಗಂಗೊಳ್ಳಿಯಲ್ಲಿ ಕಡಲು ಸೇರುವ ಅದಕ್ಕೆ ಘಟ್ಟದ ಮೇಲೆಯೇ ಅಣೆಕಟ್ಟು ಕಟ್ಟಿ, ವಿದ್ಯುತ್ತಿಗಾಗಿ ನೀರನ್ನು ಸಾವೇಹಕ್ಲು ಜಲಾಶಯದ ಮೂಲಕ ಲಿಂಗನಮಕ್ಕಿ ಜಲಾಶಯಕ್ಕೆ ತಿರುಗಿಸಿದರು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಸಾಗರ, ಹೊಸನಗರದ ಎಷ್ಟೋ ಊರುಗಳು ಮುಳುಗಿದವು. ನಾಡಿಗೆ ಬೆಳಕಾಯಿತು ಎನ್ನುವಾಗ ಮನೆ ಬಿಟ್ಟು ಹೋದವರನ್ನು ನೆನೆಯುವವರು ಕಡಿಮೆ.

ಬೆಟ್ಟದ ಮೂಡಣಕ್ಕಿರುವ ನಗರ ಕೆಳದಿ ಅರಸರ ಬಿದನೂರು. ಕೆಳದಿ, ಇಕ್ಕೇರಿಗಳ ಬಳಿಕ ರಾಜಧಾನಿಯಾದದ್ದು ಅದೇ. 1763ರಲ್ಲಿ ಹೈದರಾಲಿಯ ಕೈಸೇರಿತು. ಕಾಡು, ಮಳೆ, ಕಡಿದಾದ ಘಟ್ಟದ ದಾರಿ, ಕರಾವಳಿಯ ಬಂದರುಗಳಿಗೆ ಹೋಗುವ ಮೆಣಸು: ಅರಸರು ಇಷ್ಟು ಒಳಗೆ ಬಂದು ಕೂತದ್ದು ಸುಮ್ಮನಲ್ಲ.

ತುದಿಯಲ್ಲಿ ಶಂಕರಾಚಾರ್ಯರ ಹೆಸರು ಹೊತ್ತ ಸರ್ವಜ್ಞ ಪೀಠವೆಂಬ ಪುಟ್ಟ ಕಲ್ಲುಮಂಟಪ. ಕೆಳಗೆ ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಕಬ್ಬಿಣದ ಕಂಬವೊಂದಿದೆ. ದೇವಿಯ ತ್ರಿಶೂಲವೆಂದು ಜನರ ನಂಬಿಕೆ.

ಈಗ ಜನ ಜೀಪಿನಲ್ಲಿ ಹತ್ತುತ್ತಾರೆ, ಕೆಮ್ಮಣ್ಣಿನ ದಾರಿ ಮಳೆಗೆ ಕೊಚ್ಚಿಹೋಗುತ್ತದೆ. ನೋಡುವ ಆಸೆಯಿದ್ದರೆ ನವೆಂಬರ್ ಕಳೆದ ಮೇಲೆ ಬನ್ನಿ, ಆದಷ್ಟು ನಡೆದೇ ಹತ್ತಿ, ತಂದ ಪ್ಲಾಸ್ಟಿಕ್ಕನ್ನು ವಾಪಸ್ ಒಯ್ಯಿರಿ. ಜಡಿಮಳೆಯಲ್ಲಿ ಮಾತ್ರ ಬರಬೇಡಿ: ಮಂಜಿನಲ್ಲಿ ದಾರಿ ಕಾಣದು, ಇಂಬಳದ ಕಾಟ ಬೇರೆ.