ಹಿರಿಯರ ತಲೆಯ ಮೇಲೆ ಬಾರದ ಕೈ

ಬೆಂಗಳೂರಿನಿಂದ ಹೊರಟ ರೈಲು ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಬೀರೂರು ದಾಟಿ, ಅಜ್ಜಂಪುರ ಬಿಟ್ಟ ಮೇಲೆ ಶಿವನಿ ಎಂಬ ಊರಿಗೆ ಬರುತ್ತದೆ. ಕನ್ನಡ ನಾಡಿನ ಪ್ರಾಟೆಸ್ಟಂಟ್ ಸಭೆಗಳ ಒಂದು ಹಳೆಯ ತೊಡಕನ್ನು ಈ ಹಳಿಯ ಉದ್ದಕ್ಕೂ ಕಾಣಬಹುದು. ಗುಬ್ಬಿಯಲ್ಲಿ ವೆಸ್ಲಿಯನ್ ಮಿಶನ್ 1837ರಲ್ಲೇ ಕನ್ನಡದ ಕೆಲಸಕ್ಕೆ ಕೈಹಾಕಿತ್ತು. ತುಮಕೂರಿನಲ್ಲಿ ಮುಂದೆ ಕನ್ನಡದಲ್ಲೇ ಪಾಠ ಹೇಳುವ ಸೆಮಿನರಿ ನಡೆಯಿತು. ಆದರೆ ಹಳಿ ಉತ್ತರಕ್ಕೆ ಸಾಗಿ ಅಂದಿನ ಕಡೂರು ಜಿಲ್ಲೆಯ ಬಯಲುಸೀಮೆಗೆ ಬಂದಂತೆ ಹಳ್ಳಿಗಳು ದೂರ ದೂರ, ಮಿಶನ್ ಠಾಣೆಗಳು ಇನ್ನೂ ದೂರ. ಶಿವನಿಯಿಂದ ಚಿಕ್ಕಮಗಳೂರಿಗೆ ಹೋಗಬೇಕಾದರೆ ಬೀರೂರಿಗೆ ಬಂದು, ಕಡೂರು, ಸಖರಾಯಪಟ್ಟಣ ಹಾದು ಹೋಗಬೇಕು. ಇಂಥ ಸೀಮೆಯ ಹಳ್ಳಿಯೊಂದರಲ್ಲಿ ಹತ್ತು ಕ್ರೈಸ್ತ ಮನೆಗಳಿವೆ ಎನ್ನೋಣ. ರಾತ್ರಿ ಒಬ್ಬರು ತೀರಿಕೊಂಡರೆ ಬೆಳಿಗ್ಗೆ ಮಣ್ಣು ಕೊಡುವವರು ಯಾರು? ಹುಟ್ಟಿದ ಮಗುವಿಗೆ ದೀಕ್ಷಾಸ್ನಾನ ಯಾರಿಂದ? ಭಾನುವಾರ ಪ್ರಸಂಗ ಹೇಳುವವರು ಯಾರು? ಮಿಶನ್ ಚರಿತ್ರೆಗಳು ಇದಕ್ಕೊಂದು ಏಣಿ ತೋರಿಸುತ್ತವೆ: ಮೊದಲು ಮಿಶನರಿ, ಆಮೇಲೆ ಉಪದೇಶಿ, ಕೊನೆಗೆ ಕಲಿತು ದೀಕ್ಷೆ ಪಡೆದ ಸಭಾಪಾಲಕ. ಊರಿನ ಸಭಾಹಿರಿಯರು ಆ ಏಣಿಯ ಪಕ್ಕದಲ್ಲಿ ಕಾಣಿಕೆ ಚೀಲ ಹಿಡಿದು ನಿಂತವರು, ಅಷ್ಟೆ. ಈ ಚಿತ್ರ ತಪ್ಪು ಎಂಬುದು ನನ್ನ ವಾದ. ಉಪದೇಶಿಗಳೂ ಹಿರಿಯರೂ ಹೆಚ್ಚುಕಡಿಮೆ ನೂರು ವರ್ಷ ಸಭಾಪಾಲಕರ ಕೆಲಸವನ್ನೇ ಮಾಡಿದರು. ಅವರಿಗೆ ಸಿಗದೆ ಹೋದದ್ದು ಕೆಲಸವಲ್ಲ, ತಲೆಯ ಮೇಲೆ ಕೈಯಿಟ್ಟು ಕೊಡುವ ದೀಕ್ಷೆ. ಅದನ್ನು ತಡೆದದ್ದಕ್ಕೆ ವಿದ್ಯೆಯ ಕೊರತೆಗಿಂತ ಸಂಬಳದ ಲೆಕ್ಕ ಮತ್ತು ನಂಬಿಕೆಯ ಕೊರತೆ ಹೆಚ್ಚು ಕಾರಣ.

ಬಾಸೆಲ್ ಮಿಶನಿನಿಂದ ಶುರುಮಾಡಬಹುದು. ಅದರ ಮೊದಲ ಮೂವರು ಮಿಶನರಿಗಳು 1834ರಲ್ಲಿ ಮಂಗಳೂರಿಗೆ ಬಂದರು. 1844ರ ಜನವರಿಯಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ಮಿಶನರಿ ಹೆರ್ಮನ್ ಮೋಗ್ಲಿಂಗರಿಂದ ದೀಕ್ಷಾಸ್ನಾನ ಪಡೆದರು. ಮೋಗ್ಲಿಂಗರ ಹೆಸರನ್ನೂ ಸೇರಿಸಿಕೊಂಡು ಹೆರ್ಮನ್ ಆನಂದರಾವ್ ಕೌಂಡಿನ್ಯ ಆದ ಅವರು ಬಾಸೆಲ್ಲಿಗೆ ಹೋಗಿ, ಅಲ್ಲಿನ ಮಿಶನ್ ಶಾಲೆಯಲ್ಲಿ ವರ್ಷಗಟ್ಟಲೆ ಓದಿ, 1851ರಲ್ಲಿ ದೀಕ್ಷೆ ಪಡೆದು ಮರಳಿದರು. ಇದು ದೊಡ್ಡ ಸಂಗತಿಯೇ. ಆದರೆ ಅದು ನಿಲ್ಲಿಸಿದ ಮಾನದಂಡವನ್ನೂ ನೋಡಬೇಕು. ಕನ್ನಡದ ಮೊದಲ ಸಭಾಪಾಲಕ ಸಮುದ್ರ ದಾಟಿ, ಜರ್ಮನ್ ಕಲಿತು ಬಂದವರು. ಮಂಗಳೂರಿನಲ್ಲಿ 1847ರಿಂದ ಸೆಮಿನರಿ ಇತ್ತು. ಅಲ್ಲಿ ಕಲಿತವರಲ್ಲಿ ಬಹುಮಂದಿ ಉಪದೇಶಿಗಳಾಗಿ ಹೊರಬಿದ್ದರು, ಅವರಲ್ಲಿ ದೀಕ್ಷೆ ಪಡೆದವರು ಕೆಲವರೇ. ಉಪದೇಶಿ ಹಳ್ಳಿಯಲ್ಲೇ ಇದ್ದು ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ, ಭಾನುವಾರ ಆರಾಧನೆ ನಡೆಸುತ್ತಿದ್ದ, ಕಾಯಿಲೆಯವರ ಮನೆಗೆ ಹೋಗಿ ಪ್ರಾರ್ಥಿಸುತ್ತಿದ್ದ, ಸತ್ತವರಿಗೆ ಮಣ್ಣು ಕೊಡುತ್ತಿದ್ದ, ಜಗಳ ಬಂದರೆ ಹಿರಿಯರನ್ನು ಕೂಡಿಸಿ ಬಿಡಿಸುತ್ತಿದ್ದ, ಎಲ್ಲದರ ವರದಿಯನ್ನು ಮಿಶನರಿಗೆ ಬರೆದು ಕಳಿಸುತ್ತಿದ್ದ. ಕರ್ತನ ಭೋಜನದ ದಿನ ಮಾತ್ರ ಆತ ಬೆಂಚಿನಲ್ಲಿ ಕೂರಬೇಕು. ರೊಟ್ಟಿ ಮುರಿಯುವ ಕೈ ಠಾಣೆಯಿಂದ ಬರಬೇಕು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಆ ಕೈ ಬರುತ್ತಿರಲಿಲ್ಲ, ಭೋಜನವೂ ಇರುತ್ತಿರಲಿಲ್ಲ.

ಹೀಗೇಕಾಯಿತು? ಮಿಶನರಿಗಳೆಲ್ಲ ಅಹಂಕಾರಿಗಳಾಗಿದ್ದರು ಎಂದುಬಿಡುವುದು ಸುಲಭ, ಆದರೆ ಅನ್ಯಾಯ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಇಂಗ್ಲೆಂಡಿನ ಹೆನ್ರಿ ವೆನ್, ಅಮೆರಿಕದ ರೂಫಸ್ ಆಂಡರ್ಸನ್ ಮುಂದಿಟ್ಟ ಸೂತ್ರವೊಂದು ಅವರ ಕಾಲದ ಉದಾರ ಚಿಂತನೆಯಾಗಿತ್ತು: ನಾಡಸಭೆಗಳು ತಮ್ಮ ಖರ್ಚು ತಾವೇ ನೋಡಿಕೊಳ್ಳಬೇಕು, ತಮ್ಮ ಆಡಳಿತ ತಾವೇ ನಡೆಸಬೇಕು, ಸುವಾರ್ತೆಯನ್ನು ತಾವೇ ಹರಡಬೇಕು. ಉದ್ದೇಶ ಬಿಡುಗಡೆಯದ್ದೇ. ಆದರೆ ಸಭಾಪಾಲಕ ಎಂದರೆ ಪೂರ್ತಿ ಸಂಬಳ ಪಡೆಯುವ ಕಲಿತ ಮನುಷ್ಯ ಎಂದು ಮೊದಲೇ ತೀರ್ಮಾನವಾದ ಮೇಲೆ ಅದೇ ಸೂತ್ರ ಬೀಗವಾಯಿತು. ಹತ್ತು ಮನೆಯ ಸಭೆ ಒಂದು ಸಂಬಳ ಹೊರಲಾರದು. ಸಂಬಳ ಹೊರದ ಸಭೆಗೆ ಪಾಲಕನಿಲ್ಲ. ಪಾಲಕನಿಲ್ಲದ ಸಭೆ ಬೆಳೆಯುವುದಿಲ್ಲ. ಬೆಳೆಯದಿದ್ದರೆ ಹತ್ತು ಮನೆ ಹತ್ತೇ. ಮಂಗಳೂರಿನ ಸಭೆಗಳಲ್ಲಿ ಇನ್ನೊಂದು ಗಂಟೂ ಇತ್ತು. 1865ರಲ್ಲಿ ಜೆಪ್ಪುವಿನಲ್ಲಿ ಮಿಶನರಿ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಅನೇಕ ಸಭಿಕರಿಗೆ ಮಿಶನ್ನೇ ಧಣಿಯಾಯಿತು. ವಾರವಿಡೀ ಕೂಲಿ ಕೊಡುವವರ ಎದುರು ಭಾನುವಾರ ಒಬ್ಬ ಹಿರಿಯ ಸಮನಾಗಿ ನಿಲ್ಲುವುದು ಹೇಗೆ? ಆತನ ಬುದ್ಧಿ, ಭಕ್ತಿ ಎಷ್ಟಿದ್ದರೂ ಹಾಜರಿ ಪುಸ್ತಕದಲ್ಲಿ ಆತ ನೌಕರ.

ವೆಸ್ಲಿಯನ್ನರ ಕಥೆ ಇನ್ನೂ ವಿಚಿತ್ರ, ಏಕೆಂದರೆ ಅವರ ಪಂಥ ಹುಟ್ಟಿದ್ದೇ ದೀಕ್ಷೆಯಿಲ್ಲದ ಜನರ ಬಾಯಿಂದ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಜಾನ್ ವೆಸ್ಲಿಯ ಬೆನ್ನಿಗೆ ನಿಂತವರು ಕಸುಬಿನವರು, ಗಣಿಯವರು, ಅಂಗಡಿಯವರು. ಅವರೇ ವರ್ಗನಾಯಕರು, ಅವರೇ ಸ್ಥಳೀಯ ಪ್ರಸಂಗಿಗಳು. ಅಮೆರಿಕದಲ್ಲಿ ಸಾವಿರಾರು ಮೆಥೊಡಿಸ್ಟರಿಗೆ ಭೋಜನ ಕೊಡುವವರಿಲ್ಲದೆ ಹೋದಾಗ, ಇಂಗ್ಲೆಂಡಿನ ಬಿಷಪರು ಯಾರಿಗೂ ದೀಕ್ಷೆ ಕೊಡಲು ಒಪ್ಪದಿದ್ದಾಗ, ವೆಸ್ಲಿ 1784ರಲ್ಲಿ ತಾನೇ ಕೈಯಿಟ್ಟು ದೀಕ್ಷೆ ಕೊಟ್ಟು ಕಳಿಸಿದ. ಸ್ವಂತ ತಮ್ಮ ಚಾರ್ಲ್ಸ್ ವೆಸ್ಲಿಯೇ ಅದನ್ನು ಕಟುವಾಗಿ ವಿರೋಧಿಸಿದ. ಸಭೆ ಮುಖ್ಯ, ಪದ್ಧತಿ ಆಮೇಲೆ ಎಂದು ತೋರಿಸಿದ ಗಳಿಗೆ ಅದು. ಆ ಪರಂಪರೆಯವರು 1821ರಲ್ಲಿ ಬೆಂಗಳೂರಿಗೆ, ಅಲ್ಲಿಂದ ಮೈಸೂರು ಸಂಸ್ಥಾನದ ಒಳನಾಡಿಗೆ ಬಂದರು. ಹಲವು ಊರಿನ ಸಭೆಗಳನ್ನು ಒಂದಾಗಿ ಕೂಡಿಸುವ ಸರ್ಕಿಟ್ ಬಂತು, ಸ್ಥಳೀಯ ಪ್ರಸಂಗಿ ಎಂಬ ಪದವಿ ಬಂತು. 1784ರ ಧೈರ್ಯ ಮಾತ್ರ ಬರಲಿಲ್ಲ. 1876-78ರ ದೊಡ್ಡ ಬರದಲ್ಲಿ ಸಂಸ್ಥಾನ ನಲುಗಿಹೋಯಿತು. 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಜನಸಂಖ್ಯೆ 1881ರ ಹೊತ್ತಿಗೆ ನಲವತ್ತೆರಡು ಲಕ್ಷಕ್ಕೂ ಕೆಳಗೆ ಬಂದಿತ್ತು. ಅನಾಥ ಮಕ್ಕಳನ್ನು ಮಿಶನ್ ತುಮಕೂರು, ಹಾಸನಗಳಲ್ಲಿ ಸಾಕಿತು. ಆ ಮಕ್ಕಳು ಬೆಳೆದು ಸಂಸಾರ ಹೂಡಿದಂತೆ ಸಭೆಗಳೂ ಹರಡಿಕೊಂಡವು. ಅಗತ್ಯ ಹೆಚ್ಚಾಯಿತು, ಕೈಯಿಡುವ ನಿಯಮ ಹಾಗೇ ಉಳಿಯಿತು.

ಹಿರಿಯರಿಗೆ ಅಂಥ ಹೊಣೆ ಹೊರುವ ಯೋಗ್ಯತೆ ಆಗ ಇರಲಿಲ್ಲ ಎನ್ನುವವರಿಗೆ ನಾನು ತೋರಿಸುವ ದಾಖಲೆ ದೇವಾಲಯದ್ದಲ್ಲ, ಸರ್ಕಾರದ್ದು. 1872ರ ಕ್ರೈಸ್ತ ವಿವಾಹ ಕಾಯ್ದೆಯ ಒಂಬತ್ತನೆಯ ಕಲಮು, ನಾಡ ಕ್ರೈಸ್ತರ ಮದುವೆಗೆ ಪ್ರಮಾಣಪತ್ರ ಕೊಡುವ ಪರವಾನಗಿಯನ್ನು ಯಾವ ಕ್ರೈಸ್ತನಿಗಾದರೂ ಕೊಡಬಹುದು ಎನ್ನುತ್ತದೆ. ದೀಕ್ಷೆ ಆಗಿರಬೇಕೆಂಬ ಷರತ್ತಿಲ್ಲ. ಪರವಾನಗಿ ಪಡೆದವನ ಎದುರು, ನಂಬಲರ್ಹರಾದ ಇಬ್ಬರು ಸಾಕ್ಷಿಗಳ ಮುಂದೆ, ಗಂಡು ಹೆಣ್ಣು ಒಬ್ಬರಿಗೊಬ್ಬರು ಮಾತು ಕೊಟ್ಟರೆ ಮದುವೆ ಆಯಿತು. ಆತ ಸಹಿ ಹಾಕಿದ ಕಾಗದ ಕೋರ್ಟಿನಲ್ಲಿ ನಿಲ್ಲುತ್ತದೆ. ಬ್ರಿಟಿಷ್ ಆಡಳಿತದ ದಕ್ಷಿಣ ಕನ್ನಡಕ್ಕೂ ಧಾರವಾಡಕ್ಕೂ ಈ ಕಾಯ್ದೆ ನೇರವಾಗಿ ಅನ್ವಯಿಸುತ್ತಿತ್ತು. ಹೊಲ, ಮನೆ, ಮಕ್ಕಳ ಹಕ್ಕು ಎಲ್ಲವನ್ನೂ ತೀರ್ಮಾನಿಸುವ ಮದುವೆಯನ್ನು ಸರ್ಕಾರ ಒಬ್ಬ ಸಾಧಾರಣ ಸಭಿಕನ ಸಹಿಗೆ ಬಿಟ್ಟುಕೊಡಬಹುದಾಗಿದ್ದ ಕಾಲದಲ್ಲಿ, ಸಭೆ ಒಂದು ತುಂಡು ರೊಟ್ಟಿಯನ್ನು ಅದೇ ಕೈಗೆ ಒಪ್ಪಿಸಲು ಹಿಂಜರಿಯಿತು.

ಒಪ್ಪಿಸಲೇಬೇಕಾದ ಕಾಲವೂ ಬಂತು, ಯೋಜನೆಯಿಂದಲ್ಲ, ಯುದ್ಧದಿಂದ. 1914ರಲ್ಲಿ ಮಹಾಯುದ್ಧ ಶುರುವಾಗುತ್ತಲೇ ಬಾಸೆಲ್ಲಿನ ಜರ್ಮನ್ ಮಿಶನರಿಗಳು ಶತ್ರುದೇಶದವರಾದರು. ಅವರನ್ನು ಅಹಮದ್‌ನಗರದಂಥ ಶಿಬಿರಗಳಲ್ಲಿಟ್ಟು, ಆಮೇಲೆ ದೇಶದಿಂದಲೇ ಹೊರಗೆ ಕಳಿಸಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಬೇರೆ ಮಿಶನುಗಳು ಅಷ್ಟಿಷ್ಟು ಕೈಜೋಡಿಸಿದವು ನಿಜ. ಆದರೆ ಮಂಗಳೂರು, ಉಡುಪಿ, ಧಾರವಾಡ, ಹುಬ್ಬಳ್ಳಿ, ಬೆಟಗೇರಿಯ ಸಭೆಗಳು ದಿನನಿತ್ಯ ನಡೆದದ್ದು ಕೆಲವೇ ನಾಡ ಸಭಾಪಾಲಕರು, ಉಪದೇಶಿಗಳು, ಹಿರಿಯರಿಂದ. ಜರ್ಮನರು ತಿರುಗಿ ಬರಲು ಅನುಮತಿ ಸಿಕ್ಕಿದ್ದು 1920ರ ದಶಕದ ಉತ್ತರಾರ್ಧದಲ್ಲಿ. ಅಷ್ಟು ವರ್ಷ ಆರಾಧನೆ ನಿಲ್ಲಲಿಲ್ಲ, ಶಾಲೆ ಮುಚ್ಚಿಹೋಗಲಿಲ್ಲ. ಇದಕ್ಕೂ ಹಿಂದೆ ಕರಾವಳಿಯ ಕಥೊಲಿಕರು ಇನ್ನೂ ಕಠಿಣವಾದ ಪರೀಕ್ಷೆ ದಾಟಿದ್ದರು. 1784ರಿಂದ 1799ರವರೆಗೆ, ಟಿಪ್ಪುವಿನ ಕಾಲದಲ್ಲಿ, ಶ್ರೀರಂಗಪಟ್ಟಣದ ಸೆರೆಯಲ್ಲಿದ್ದ ಕುಟುಂಬಗಳಿಗೆ ಪಾದ್ರಿಗಳಿರಲಿಲ್ಲ. ಪ್ರಾರ್ಥನೆಯನ್ನು ಮನೆಯ, ಕೇರಿಯ ಹಿರಿಯರೇ ಕಾಪಾಡಿಕೊಂಡರು. ಇಂದಿಗೂ ಮಂಗಳೂರಿನ ಚರ್ಚುಗಳಲ್ಲಿ ವಾಡೆಗೊಬ್ಬ, ಎಂದರೆ ಕೇರಿಗೊಬ್ಬ, ಗುರ್ಕಾರನೆಂಬ ಹಿರಿಯ ಇರುತ್ತಾನೆ.

ಹಲವು ಪ್ರಾಟೆಸ್ಟಂಟ್ ಸಭೆಗಳು ಒಂದಾಗಿ ದಕ್ಷಿಣ ಭಾರತ ಸಭೆ ರೂಪುಗೊಳ್ಳುವ ಮಾತುಕತೆಯಲ್ಲಿ ಈ ಪ್ರಶ್ನೆ ನೇರವಾಗಿಯೇ ಮೇಜಿನ ಮೇಲೆ ಬಂತೆಂಬುದನ್ನು ಈಗ ಬಹಳ ಮಂದಿ ಮರೆತಿದ್ದಾರೆ. 1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾದ ಆ ಮಾತುಕತೆ ಮುಗಿದದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನಲ್ಲಿ. ಇಪ್ಪತ್ತೆಂಟು ವರ್ಷ ಎಳೆಯಲು ಮುಖ್ಯ ಕಾರಣ ದೀಕ್ಷೆಯ ಜಗಳವೇ. ಅಧಿಕಾರಪತ್ರ ಪಡೆದ ಹಿರಿಯನೊಬ್ಬ ಕರ್ತನ ಭೋಜನ ನಡೆಸಬಹುದೇ ಎಂದು 1930ರ ದಶಕದಲ್ಲಿ, ಮಾತುಕತೆಯಲ್ಲಿದ್ದ ದಕ್ಷಿಣ ಭಾರತ ಐಕ್ಯ ಸಭೆಯವರು ಪಟ್ಟುಹಿಡಿದರು, ಆಂಗ್ಲಿಕನ್ನರು ಒಪ್ಪಲಿಲ್ಲ, ಐಕ್ಯವೇ ಮುರಿದುಬೀಳುವ ಹಾಗಾಗಿತ್ತು. ಕೊನೆಗೆ ಭೋಜನ ಸಭಾಪಾಲಕರ ಕೈಯಲ್ಲೇ ಉಳಿಯಿತು. ನನಗನಿಸುವಂತೆ ಇಬ್ಬರ ಕಾಳಜಿಯೂ ಸರಿಯಾಗಿತ್ತು, ಇಬ್ಬರ ಪರಿಹಾರವೂ ಅರ್ಧ. ದೀಕ್ಷೆಯಿಲ್ಲದೆ ಭೋಜನ ಬೇಡವೆಂದರೆ, ಹಿರಿಯರಿಗೇ ದೀಕ್ಷೆ ಕೊಡಬೇಕಿತ್ತು. ಪೌಲನು ತೀತನನ್ನು ಕ್ರೇತದಲ್ಲಿ ಬಿಟ್ಟುಬಂದದ್ದು ಊರೂರಲ್ಲಿ ಹಿರಿಯರನ್ನು ನೇಮಿಸಲಿಕ್ಕೆ. ಊರೂರಿಂದ ಹುಡುಗರನ್ನು ಆರಿಸಿ ಬೇರೆಡೆ ಓದಲು ಕಳಿಸಲಿಕ್ಕಲ್ಲ. ಮಿಶನರಿ ರೋಲಂಡ್ ಆಲನ್ 1912ರಲ್ಲೇ ಇದನ್ನು ಪುಸ್ತಕವಾಗಿ ಬರೆದಿದ್ದರು, ಕೇಳಿದವರು ಕಡಿಮೆ.

ವಿರೋಧದ ಮಾತುಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಓದಿಲ್ಲದವರು ಬೋಧನೆ ಕೆಡಿಸುತ್ತಾರೆ ಎಂಬುದು ಮೊದಲನೆಯದು. ಆದರೆ ಓದಿನ ಜಾಗ ಒಂದೇ ಅಲ್ಲ. 1910ರಲ್ಲಿ ಬೆಂಗಳೂರಿನಲ್ಲಿ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಇಂಗ್ಲಿಷ್ ಪಾಠದೊಂದಿಗೆ ಶುರುವಾಯಿತು. ಕನ್ನಡದ ಕಲಿಕೆ ಮಂಗಳೂರು, ತುಮಕೂರುಗಳ ಸೆಮಿನರಿಗಳಲ್ಲಿ ಮುಂದುವರಿದು, ಅವೆರಡೂ ಸೇರಿ 1965ರಲ್ಲಿ ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಾಯಿತು. ಎರಡೂ ಕಡೆ ಓದಬೇಕಾದರೆ ಮನೆ, ಹೊಲ, ದನ ಬಿಟ್ಟು ವರ್ಷಗಟ್ಟಲೆ ಹೋಗಬೇಕು. ನಲವತ್ತೈದು ವಯಸ್ಸಿನ, ರಾಗಿ ಹೊಲ ಉಳುವ ಹಿರಿಯ ಹೋಗಲಾರ. ಇದೇ ತೊಡಕು ಗ್ವಾಟೆಮಾಲಾದ ಪ್ರೆಸ್ಬಿಟೇರಿಯನ್ನರಿಗೂ ಬಂದಾಗ ಅವರು 1963ರಲ್ಲಿ ಸೆಮಿನರಿಯನ್ನೇ ಹಳ್ಳಿಗೆ ಕಳಿಸಿದರು: ಮನೆಯಲ್ಲಿ ಓದು, ವಾರಕ್ಕೊಮ್ಮೆ ಗುರುವಿನ ಜೊತೆ ಕೂಟ. ಅದೇ ಮಾದರಿಯಲ್ಲಿ 1971ರಲ್ಲಿ ಬೆಂಗಳೂರಿನಲ್ಲಿ ಟ್ಯಾಫ್ಟೀ ಎಂಬ ಸಂಸ್ಥೆ ಹುಟ್ಟಿತು. ಹೊಲ ಬಿಡದೆಯೂ ವೇದಶಾಸ್ತ್ರ ಕಲಿಯಬಹುದೆಂಬುದು ಆಮೇಲೆ ವಾದದ ವಿಷಯವಾಗಿ ಉಳಿಯಲಿಲ್ಲ.

ಎರಡನೆಯ ಆಕ್ಷೇಪಕ್ಕೆ ಇನ್ನೂ ಹೆಚ್ಚು ತೂಕವಿದೆ. ಹಳ್ಳಿಯ ಹಿರಿತನದಲ್ಲಿ ಜಾತಿ ಇದೆ, ವಂಶ ಇದೆ. ಹಳೆಯ ಮೈಸೂರಿನಲ್ಲಿ ಪಟೇಲಿಕೆ, ಶಾನುಭೋಗಿಕೆ ಮನೆತನದಲ್ಲೇ ಹರಿದುಬಂದವು. ಅವನ್ನು ತೆಗೆಯಲು 1961ರಲ್ಲಿ ಕಾನೂನೇ ಬೇಕಾಯಿತು. ಸಭಾಹಿರಿಯನೂ ಚಿಕ್ಕ ಪಟೇಲನಾಗುವ ಅಪಾಯ ಇದ್ದೇ ಇದೆ. ಇದಕ್ಕೆ ಮದ್ದು ವೆಸ್ಲಿಯನ್ನರ ಬಳಿಯೇ ಇತ್ತು: ಸ್ಥಳೀಯ ಪ್ರಸಂಗಿಯ ಹೆಸರು ಸರ್ಕಿಟ್ಟಿನ ಪಟ್ಟಿಯಲ್ಲಿರುತ್ತದೆ, ಆತ ಈ ವಾರ ಈ ಊರು, ಬರುವ ವಾರ ಆಚೆ ಊರು. ತನ್ನವರ ನಡುವೆ ಧಣಿಯಾಗಬಹುದಾದವನು ಪರವೂರಿನಲ್ಲಿ ಅತಿಥಿ. ಇನ್ನು ಉಳುವವನು ಪೂಜೆ ಮಾಡುವುದು ಕನ್ನಡದ ಹಳ್ಳಿಗೆ ಹೊಸತೇನಲ್ಲ. ದಾಸಯ್ಯ ಮುದ್ರೆ ಹಾಕಿಸಿಕೊಂಡು ಶಂಖ, ಜಾಗಟೆ ಹಿಡಿಯುತ್ತಾನೆ, ಮರುದಿನ ನೇಗಿಲು ಹಿಡಿಯುತ್ತಾನೆ. ಊರು ಅವನನ್ನು ಅರ್ಧ ದಾಸಯ್ಯ ಎನ್ನುವುದಿಲ್ಲ.

ಮೂರನೆಯ ಆಕ್ಷೇಪಕ್ಕೆ ನಾನೂ ತಲೆಬಾಗುತ್ತೇನೆ. ಸಂಬಳ ಉಳಿಸಲಿಕ್ಕಾಗಿ ಹಿರಿಯರಿಗೆ ದೀಕ್ಷೆ ಕೊಟ್ಟರೆ, ಉಪದೇಶಿಗೆ ಆದ ಅನ್ಯಾಯವೇ ಹೊಸ ನಿಲುವಂಗಿ ತೊಟ್ಟು ಬರುತ್ತದೆ. ಹಳ್ಳಿಗೆ ಪುಕ್ಕಟೆ ಪಾಲಕ, ಪೇಟೆಗೆ ಪದವಿಯ ಪಾಲಕ ಎಂಬ ಎರಡು ಪಂಕ್ತಿ ಬೀಳುತ್ತದೆ. ಆದ್ದರಿಂದ ದೀಕ್ಷೆಯ ದಿನ ಬಿಷಪರು ಕೈಯಿಟ್ಟರೇ ಎನ್ನುವುದನ್ನಷ್ಟೇ ನೋಡಿದರೆ ಸಾಲದು. ಆ ಹಿರಿಯರ ಹೆಸರು ಸಭಾಪಾಲಕರ ಪಟ್ಟಿಯಲ್ಲಿ ಬಂತೇ, ಸಭಾಪ್ರಾಂತದ ಕೌನ್ಸಿಲಿನಲ್ಲಿ ಅವರಿಗೆ ಮತ ಇದೆಯೇ, ಬಸ್ಸಿನ ಖರ್ಚು ಯಾರು ಕೊಡುತ್ತಾರೆ, ಇವೂ ದೀಕ್ಷೆಯ ಭಾಗವೇ.

ಆ ಪಟ್ಟಿ ಬರೆಯುವವರು ಹಳೆಯ ಉಪದೇಶಿಗಳ ಜೊತೆಗೆ ಇನ್ನೊಂದು ಸಾಲನ್ನೂ ನೆನೆಯಬೇಕು. ಬೈಬಲ್ ಸ್ತ್ರೀಯರು ಎಂದು ಕರೆಸಿಕೊಂಡವರು ಮಿಶನರಿಯೂ ಉಪದೇಶಿಯೂ ಕಾಲಿಡಲಾಗದ ಒಳಮನೆಗಳಿಗೆ ಹೋದರು. ಹೆಂಗಸರಿಗೆ ಓದಲು ಕಲಿಸಿದರು, ಕೀರ್ತನೆ ಹೇಳಿಕೊಟ್ಟರು, ಬಾಣಂತಿಯ ಪಕ್ಕದಲ್ಲಿ ಕೂತು ಪ್ರಾರ್ಥಿಸಿದರು, ದೀಕ್ಷಾಸ್ನಾನಕ್ಕೆ ತಿಂಗಳುಗಟ್ಟಲೆ ಅಣಿಮಾಡಿದರು. ಆ ದಿನ ನೀರು ಹಾಕುವ ಕೈ ಬೇರೆಯವರದಾಗಿತ್ತು. ಕಲಿಸಿದವಳು ಹೆಂಗಸರ ಕಡೆಯ ಚಾಪೆಯ ಮೇಲೆ ಕೂತಿದ್ದಳು.