ಹಡಗಿನ ಆರೋಗ್ಯಪತ್ರವೂ ಒಳನಾಡಿನ ಪ್ಲೇಗೂ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳು ಕಡಲನ್ನು ಕಾಣದ ಊರುಗಳು. ಈ ಸೀಮೆಯ ಹೇಮಾವತಿಯೂ ಸಮೀಪದ ಪಶ್ಚಿಮ ಸಮುದ್ರವನ್ನು ಬಿಟ್ಟು ಪೂರ್ವಕ್ಕೆ ತಿರುಗಿ ಕಾವೇರಿಯನ್ನು ಸೇರುತ್ತದೆ. ಹೀಗಿರುವಾಗ, ಬಂದರುಗಳಲ್ಲಿ ಹಡಗುಗಳನ್ನು ತಪಾಸಣೆಮಾಡಿ ಆರೋಗ್ಯದ ಪ್ರಮಾಣಪತ್ರ ಕೊಡುವ ಪದ್ಧತಿಗೂ ಈ ಸೀಮೆಗೂ ಏನು ಸಂಬಂಧವೆಂದು ಕೇಳುವುದು ಸಹಜ. ಆದರೆ ಬಂದರಿನಲ್ಲಿ ನಡೆದ ಒಂದು ಪ್ರಮಾದದ ಫಲವನ್ನು ಒಳನಾಡೂ ಉಂಡಿತೆಂಬುದು, ಆ ಪ್ರಮಾದವನ್ನು ತಿದ್ದಿಕೊಳ್ಳುವ ಪ್ರಯತ್ನದಲ್ಲಿಯೇ ಇಂದಿನ ಪ್ರಮಾಣಪತ್ರದ ಮೂಲವಿದೆಯೆಂಬುದು ಇತಿಹಾಸವನ್ನು ನೋಡಿದರೆ ವಿಶದವಾಗುತ್ತದೆ.

೧೮೯೪ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗು ಹಬ್ಬಿತು. ೧೮೯೬ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ಡಾಕ್ಟರ್ ಅಕಾಸಿಯೊ ವೀಗಸ್ ಅದೇ ರೋಗವನ್ನು ಗುರುತಿಸಿದರು. ಮಾಂಡ್ವಿಯು ಹಡಗುಕಟ್ಟೆಗಳ ಬಳಿಯ ದವಸದ ಉಗ್ರಾಣಗಳ ಕೇರಿ. ರೋಗವು ಹಡಗಿನಲ್ಲಿಯೇ ಬಂದಿತೆಂಬುದು ಸಾಮಾನ್ಯವಾಗಿ ಒಪ್ಪಿರುವ ಅಭಿಪ್ರಾಯ. ೧೮೯೭ರಲ್ಲಿ ಯೂರೋಪಿನ ರಾಷ್ಟ್ರಗಳು ವೆನಿಸ್ಸಿನಲ್ಲಿ ಸಮ್ಮೇಳನ ನಡೆಸಿ ಪ್ಲೇಗಿನ ವಿರುದ್ಧ ನಿಬಂಧನೆಗಳನ್ನು ರಚಿಸಿದವು. ಅದೇ ವರ್ಷ ಭಾರತದಲ್ಲಿ ಸಾಂಕ್ರಾಮಿಕ ರೋಗಗಳ ಶಾಸನವು ಜಾರಿಗೆ ಬಂದು, ಹಡಗನ್ನೂ ರೈಲಿನ ಪ್ರಯಾಣಿಕನನ್ನೂ ತಪಾಸಣೆಮಾಡುವ ಅಧಿಕಾರ ಸರ್ಕಾರಕ್ಕೆ ದೊರೆಯಿತು. ಅಧಿಕಾರಿಗಳು ಪ್ರಯಾಣಿಕರ ಕಂಕುಳು ತೊಡೆಸಂದುಗಳಲ್ಲಿ ಗಡ್ಡೆಗಳನ್ನು ಹುಡುಕಿದರು; ಬಟ್ಟೆಬರೆಗಳನ್ನು ಶುದ್ಧಿಮಾಡಿಸಿದರು. ಸರಕಿನ ಮರೆಯಲ್ಲಿದ್ದ ಇಲಿಯಾದರೋ ಯಾರ ಅಪ್ಪಣೆಯೂ ಇಲ್ಲದೆ ದಡವನ್ನು ಸೇರಿತು.

ರೋಗವು ಬಂದರಿನಿಂದ ರೈಲುಹಾದಿಯನ್ನು ಹಿಡಿಯಿತು. ಹುಬ್ಬಳ್ಳಿಯ ಮಾರ್ಗವಾಗಿ ೧೮೯೮ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿಗೆ ಬಂದಿತು. ಆ ಎರಡು ಊರುಗಳ ನಡುವಣ ಹಾದಿಯಲ್ಲಿಯೇ ಅರಸೀಕೆರೆಯಿದೆ; ಹಾಸನ ಜಿಲ್ಲೆಗೆ ಅಂದು ಅದೇ ರೈಲಿನ ಬಾಗಿಲು. ಮೈಸೂರು ಸರ್ಕಾರವು ವಿ. ಪಿ. ಮಾಧವರಾಯರನ್ನು ಪ್ಲೇಗು ಕಮಿಷನರನ್ನಾಗಿ ನೇಮಿಸಿತು. ಪ್ರಯಾಣಿಕರ ತಪಾಸಣೆ, ರೋಗಿಗಳನ್ನು ಬೇರ್ಪಡಿಸುವಿಕೆ, ಮನೆಗಳ ಶುದ್ಧೀಕರಣ ಇವು ಅಂದಿನ ಕ್ರಮಗಳು. ಮಾನಮರ್ಯಾದೆಗಳಿಗೆ ಕುಂದು ಬಂದಿತೆಂದು ಬಗೆದ ಜನ ಇವುಗಳನ್ನು ಪ್ರತಿಭಟಿಸಿದರು; ಅದೇ ವರ್ಷ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಗಲಭೆಯೇ ಆಯಿತು.

ಇಲ್ಲಿ ಒಂದು ಅಂಶ ಗಮನಾರ್ಹವಾದುದು. ನಮ್ಮ ಹಳ್ಳಿಗಳಲ್ಲಿ ‘ಇಲಿ ಬಿತ್ತು’ ಎಂಬ ಮಾತೇ ಪ್ಲೇಗಿನ ಮುನ್ಸೂಚನೆ. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಊರನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ವಾಸಿಸುತ್ತಿದ್ದರು. ಕಾರಣ ತಿಳಿಯದಿದ್ದರೂ ಲಕ್ಷಣ ತಿಳಿದಿತ್ತು. ಇಲಿಯ ಮೈಮೇಲಣ ಚಿಗಟವೇ ರೋಗವನ್ನು ಮನುಷ್ಯನಿಗೆ ತರುತ್ತದೆಂದು ಫ್ರಾನ್ಸಿನ ಪಾಲ್ ಲೂಯಿ ಸಿಮೋ ೧೮೯೮ರಲ್ಲಿ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದನು. ವಿದ್ವಾಂಸರು ಕೂಡಲೆ ಒಪ್ಪಲಿಲ್ಲ. ೧೯೦೫ರಿಂದ ಮುಂಬಯಿಯಲ್ಲಿ ನಡೆದ ಸಂಶೋಧನೆಗಳ ತರುವಾಯವೇ ಅದು ಸ್ಥಿರಪಟ್ಟಿತು. ಅಷ್ಟರಲ್ಲಿ ಭಾರತದಲ್ಲಿ ಲಕ್ಷಾಂತರ ಜನ ಅಸುನೀಗಿದ್ದರು. ಮುಂದಿನ ದಶಕಗಳನ್ನೂ ಸೇರಿಸಿದರೆ ಆ ಸಂಖ್ಯೆ ಒಂದು ಕೋಟಿಯನ್ನು ಮೀರುತ್ತದೆ.

ಈ ಅರಿವು ಬಂದರಿನ ಕಟ್ಟಳೆಯನ್ನೂ ಮಾರ್ಪಡಿಸಿತು. ಇಲಿಯ ಪಾತ್ರವನ್ನು ೧೯೦೩ರ ಪ್ಯಾರಿಸ್ ಒಪ್ಪಂದ ಪರಿಗಣಿಸಿತು. ೧೯೨೬ರ ಒಪ್ಪಂದವು ಹಡಗುಗಳು ಆರು ತಿಂಗಳಿಗೊಮ್ಮೆ ಇಲಿನಾಶ ಮಾಡಿಸಿ, ಅಥವಾ ಇಲಿಗಳಿಲ್ಲವೆಂದು ತೋರಿಸಿ, ಪ್ರಮಾಣಪತ್ರ ಪಡೆಯಬೇಕೆಂದು ವಿಧಿಸಿತು. ಹಡಗಿನ ಒಡಲಿಗೆ ಗಂಧಕದ ಹೊಗೆಯನ್ನೋ ವಿಷಾನಿಲವನ್ನೋ ತುಂಬುವುದು, ಹಡಗನ್ನು ಕಟ್ಟಿದ ಹಗ್ಗಗಳ ಮೇಲೆ ಇಲಿ ದಾಟದಂತೆ ತಗಡಿನ ಬಿಲ್ಲೆಗಳನ್ನು ಅಳವಡಿಸುವುದು ರೂಢಿಗೆ ಬಂದವು. ಪ್ರಯಾಣಿಕನನ್ನು ಮಾತ್ರ ಶಂಕಿಸುತ್ತಿದ್ದ ವ್ಯವಸ್ಥೆ ಹಡಗನ್ನೇ ಪರೀಕ್ಷಿಸಲು ಕಲಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ೧೯೫೧ರ ನಿಬಂಧನೆಗಳೂ, ಭಾರತದ ೧೯೫೫ರ ಬಂದರು ಆರೋಗ್ಯ ನಿಯಮಗಳೂ ಇದೇ ಹಾದಿಯಲ್ಲಿ ಮುಂದುವರಿದವು.

೨೦೦೫ರಲ್ಲಿ ಅಂಗೀಕೃತವಾಗಿ ೨೦೦೭ರಲ್ಲಿ ಜಾರಿಗೆ ಬಂದ ಅಂತಾರಾಷ್ಟ್ರೀಯ ಆರೋಗ್ಯ ನಿಬಂಧನೆಗಳು ಇಲಿನಾಶದ ಪತ್ರಕ್ಕೆ ಬದಲಾಗಿ ಹಡಗಿನ ನೈರ್ಮಲ್ಯದ ಪತ್ರವನ್ನು ತಂದವು. ಈಗ ಅಡಿಗೆಮನೆ, ಕುಡಿಯುವ ನೀರು, ಸರಕಿನ ಕೋಣೆ, ನಾವಿಕರ ವಸತಿ, ಕಸ, ಕೊಳಚೆ, ನಿಂತ ನೀರು ಇವೆಲ್ಲವೂ ಪರೀಕ್ಷೆಗೆ ಒಳಪಡುತ್ತವೆ. ದೋಷವಿಲ್ಲದಿದ್ದರೆ ವಿನಾಯಿತಿ ಪತ್ರ, ದೋಷ ಕಂಡು ಪರಿಹಾರ ನಡೆದರೆ ನಿಯಂತ್ರಣ ಪತ್ರ; ಎರಡರ ಅವಧಿಯೂ ಆರು ತಿಂಗಳು ಮಾತ್ರ. ೧೯೨೬ರ ಗಡುವು ಇಂದಿಗೂ ಉಳಿದಿರುವುದು ಕುತೂಹಲಕರ.

೧೯೭೪ರಲ್ಲಿ ನವಮಂಗಳೂರು ಪ್ರಮುಖ ಬಂದರಾಯಿತು. ೧೯೭೯ರಲ್ಲಿ ಹಾಸನ–ಮಂಗಳೂರು ರೈಲುಮಾರ್ಗ ಸಿದ್ಧವಾಯಿತು. ಚನ್ನರಾಯಪಟ್ಟಣ, ಹಾಸನಗಳನ್ನು ಹಾದು ಶಿರಾಡಿ ಘಾಟಿಯನ್ನಿಳಿಯುವ ಹೆದ್ದಾರಿಯೂ ಅದೇ ಕರಾವಳಿಗೆ ಹೋಗುತ್ತದೆ. ಆದುದರಿಂದ ಕಡಲು ಈ ಸೀಮೆಗೆ ದೂರವೆಂಬ ಮಾತು ಈಗ ಭೂಪಟಕ್ಕೆ ಮಾತ್ರ ಸಲ್ಲುತ್ತದೆ. ಬಂದರಿನ ಅಧಿಕಾರಿ ಹಡಗಿನ ಒಡಲಿಗಿಳಿದು ನೋಡದೆ ರುಜು ಹಾಕಿದರೆ ಪತ್ರವೇನೋ ಕ್ರಮಬದ್ಧವಾಗಿಯೇ ಇರುತ್ತದೆ. ಆದರೆ ಇಲಿ ಬೀಳುವುದು ಘಟ್ಟದ ಮೇಲಣ ಯಾವುದೋ ಮನೆಯಲ್ಲಿ. ೧೮೯೮ರ ಅನುಭವದಿಂದ ನಾವು ಕಲಿಯಬೇಕಾದ ಪಾಠ ಇದೇ.