ಗೂಡಿನ ಮುಂದೆ ಕ್ಯಾಮೆರಾ

ಎ. ಓ. ಹ್ಯೂಮ್ ಎಂದೊಡನೆ ‘1885, ಕಾಂಗ್ರೆಸ್ ಸ್ಥಾಪನೆ’ ಎಂದು ನೀವೆಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದಿರಿ. ಅದೇ ಹ್ಯೂಮ್ ಅದಕ್ಕೂ ಹತ್ತು ವರ್ಷ ಮೊದಲು, 1875ರಲ್ಲಿ, ಹಕ್ಕಿಗಳನ್ನರಸಿ ನಮ್ಮ ಜಿಲ್ಲೆಯ ನೇತ್ರಾಣಿ ದ್ವೀಪಕ್ಕೆ ಬಂದಿದ್ದರು. ಇದನ್ನು ನಾನು ತರಗತಿಯಲ್ಲಿ ಹೇಳಲಿಲ್ಲ; ಆಗ ನನಗೇ ತಿಳಿದಿರಲಿಲ್ಲ. ಮುರ್ಡೇಶ್ವರದ ಎದುರಿನ ಆ ದ್ವೀಪ ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುವ ತಾಣ.

ಆ ಕಾಲದ ಪಕ್ಷಿಶಾಸ್ತ್ರಕ್ಕೆ ಬಂದೂಕೇ ಉಪಕರಣ. ಹಕ್ಕಿಯನ್ನು ಕೊಂದು ಚರ್ಮ ಸುಲಿಯುವುದು, ಗೂಡಿನಿಂದ ಮೊಟ್ಟೆ ತೆಗೆಯುವುದು, ಹೆಸರು ಬರೆದಿಡುವುದು: ಇದೇ ಅಧ್ಯಯನ. ಹ್ಯೂಮ್ 1885ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಪ್ಪಿಸಿದ ಸಂಗ್ರಹದಲ್ಲಿ ಚರ್ಮ, ಮೊಟ್ಟೆಗಳೆಲ್ಲ ಸೇರಿ 80,000ಕ್ಕೂ ಹೆಚ್ಚಿದ್ದವು. 1892ರಲ್ಲಿ ಇಂಗ್ಲೆಂಡಿನ ಕೀರ್ಟನ್ ಸಹೋದರರು ಮೊಟ್ಟೆಗಳಿದ್ದ ಗೂಡೊಂದರ ಛಾಯಾಚಿತ್ರ ತೆಗೆದರು. 1895ರಲ್ಲಿ ಅವರ ಗೂಡುಗಳ ಪುಸ್ತಕ ಬಂದಿತು. ಮೊಟ್ಟೆಯನ್ನು ಮುಟ್ಟದೆಯೇ ಮನೆಗೆ ತರಬಹುದೆಂದು ಅದು ತೋರಿಸಿತು.

ಹಾಗಾಗಿ ಕ್ಯಾಮೆರಾ ಹಿಡಿದವನು ನಿರಪರಾಧಿ ಎಂದೇ ನಾನೂ ನಂಬಿದ್ದೆ. 1994ರ ಮಾರ್ಚ್ ತಿಂಗಳಲ್ಲಿ ಎರವಲು ತಂದ ಯಾಶಿಕಾ ಹಿಡಿದು, ಒಂಬತ್ತನೆಯ ತರಗತಿಯ ಆರು ಮಕ್ಕಳೊಡನೆ, ಕುಂಬಾರವಾಡದ ಕಾಡಂಚಿನಲ್ಲಿ ಮಂಗಟ್ಟೆ ಗೂಡು ಮಾಡಿದ್ದ ಮರದ ಬುಡಕ್ಕೇ ಹೋದೆ. (ಆ ಆರರಲ್ಲಿ ಕೆಲವರಾದರೂ ಇದನ್ನು ಓದುತ್ತೀರಿ.) ಹೆಣ್ಣು ಮಂಗಟ್ಟೆ ಪೊಟರೆಯೊಳಗೆ ಸೇರಿ, ಹಿಕ್ಕೆ ಮತ್ತು ಹಣ್ಣಿನ ತಿರುಳಿನಿಂದ ಬಾಯಿ ಮುಚ್ಚಿಕೊಳ್ಳುತ್ತದೆ. ಉಳಿಯುವುದು ಕೊಕ್ಕು ತೂರುವಷ್ಟು ಸೀಳು. ಹಾರುವ ಗರಿಗಳನ್ನೂ ಒಳಗೇ ಉದುರಿಸುತ್ತದೆ. ವಾರಗಟ್ಟಲೆ ಅದರ ಅನ್ನವೆಲ್ಲ ಗಂಡು ತಂದುಕೊಟ್ಟದ್ದೇ.

ಗಂಡು ಬಂದಿತು. ಕೊಕ್ಕಿನ ತುದಿಯಲ್ಲಿ ಅತ್ತಿಹಣ್ಣು. ನಮ್ಮನ್ನು ಕಂಡು ದೂರದ ಮರದಲ್ಲಿ ಕುಳಿತಿತು, ಹಾರಿಹೋಯಿತು, ಮತ್ತೆ ಬಂದಿತು, ಮತ್ತೆ ಹೋಯಿತು. “ಸರ್, ಅದು ನಮಗೆ ಹೆದರಿದೆ, ಹೋಗೋಣ” ಎಂದಳು ಒಬ್ಬ ಹುಡುಗಿ. “ಇನ್ನೊಂದೇ ಫೋಟೋ” ಎಂದವನು ಬಿ.ಎಡ್. ಮಾಡಿದ ನಾನು! ಸಂಜೆಯವರೆಗೂ ಅದು ಗೂಡಿನ ಬಳಿ ಬರಲಿಲ್ಲ. ಸೀಳಿನಲ್ಲಿ ಹೆಣ್ಣಿನ ಕೊಕ್ಕು ಮಾತ್ರ ಆಗಾಗ ಕಾಣುತ್ತಿತ್ತು.

2011ರಲ್ಲಿ ದಾಂಡೇಲಿ ಭಾಗದ ಕಾಳಿ ನದಿಯ ಗುಂಟ ಮಂಗಟ್ಟೆ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು. ಗೂಡಿನ ಚಿತ್ರಗಳನ್ನು ಇಂದು ಹಲವು ಛಾಯಾಚಿತ್ರ ಸ್ಪರ್ಧೆಗಳು ಸ್ವೀಕರಿಸುವುದಿಲ್ಲ. ನನ್ನ ಚಿತ್ರ ಟ್ರಂಕಿನಲ್ಲಿದೆ, ಇಲ್ಲಿ ಹಾಕುತ್ತಿಲ್ಲ. ಆ ಹುಡುಗಿ ಇದನ್ನು ಓದುತ್ತಿದ್ದರೆ, ಮಗಳೇ, ಅಂದು ನೀನು ಹೇಳಿದ್ದೇ ಸರಿಯಾಗಿತ್ತು.